ಪುಂಡಿಪಲ್ಯದ ಅಕ್ಕ ಯಾವ ಊರಿನವಳು? ಕಲಬುರಗಿಯ ಕೊರೊನಾ ಚೇತರಿಕೆ ಹಣದ ಒಂದು ಪ್ರಕರಣ

ಅಕ್ಕನ ಅಂಗಡಿ ಅಂದರೆ ಒಂದು ಗೋಣಿತಟ್ಟು, ಒಂದು ಬಕೆಟ್ ನೀರು, ಪುಂಡಿಪಲ್ಯ, ಮೆಂತ್ಯೆ, ರಾಜಗಿರಿ, ಸಬ್ಬಸಗಿ ಸೊಪ್ಪಿನ ಸೂಡುಗಳು, ಅಂದರೆ ಕಟ್ಟುಗಳು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ರಸ್ತೆಯಂಚಿಗೆ ಬೆಳಿಗ್ಗೆ ಆರರ ಸುಮಾರಿಗೆ ತಟ್ಟು ಹಾಸುತ್ತಾಳೆ, ಹತ್ತೂವರೆಯೊಳಗೆ ಮಡಚಿ ಊರಿನ ಬಸ್ಸು ಹಿಡಿಯುತ್ತಾಳೆ. ಊರು ನಗರದ ಹದ್ದಿನಾಚೆ, ಹನ್ನೆರಡು ಕಿಲೋಮೀಟರಿನಷ್ಟು ದೂರ. ಅರ್ಧ ಮಾಲು ಸ್ವಂತ ಹೊಲದ್ದು, ಇನ್ನರ್ಧ ಅಕ್ಕಪಕ್ಕದ ಹೊಲದವರಿಂದ ಕೊಂಡದ್ದು. ಹೆಚ್ಚುಕಡಿಮೆ ಇಪ್ಪತ್ತು ವರ್ಷದಿಂದ ಇದೇ ದಿನಚರಿ. ಆಕೆಯ ಹೆಸರು, ಊರಿನ ಹೆಸರು ಇಲ್ಲಿ ಬೇಡ.

ಕೊರೊನಾ ನಂತರ ನಗರಕ್ಕೆ ಬಂದ ಹಣ ಜನರಿಗೆ ಹೇಗೆ ಮುಟ್ಟಿತು ಎಂದು ನೋಡಲು ಹೊರಟವರು ಬಜೆಟ್ ಪುಸ್ತಕದಿಂದ ಶುರು ಮಾಡುತ್ತಾರೆ. ವಾಣಿಜ್ಯಶಾಸ್ತ್ರ ಪಾಠ ಹೇಳುವ ನನಗೂ ಅಂಕಿಯ ಚಟ ಇದೆ, ಹಾಗಾಗಿ ನಾನೂ ಅಲ್ಲಿಂದಲೇ ಶುರು ಮಾಡಿದೆ. ಪುಸ್ತಕದಲ್ಲಿ ಎಲ್ಲ ಬಾಬತ್ತೂ ಇತ್ತು, ಅಕ್ಕ ಮಾತ್ರ ಇರಲಿಲ್ಲ. ಆಮೇಲೆ ದಾರಿ ಬದಲಿಸಿದೆ. ಆಕೆಯನ್ನು ಮುಂದಿಟ್ಟುಕೊಂಡು ಒಂದೊಂದು ಹಣದ ಬಾಗಿಲನ್ನೂ ತಟ್ಟಿದೆ. 2020ರ ಕೊನೆಯಿಂದ ಎರಡು ವರ್ಷ ನಾವು ನಾಲ್ಕು ಜನ ಸ್ನೇಹಿತರು ರಸ್ತೆಬದಿ ವ್ಯಾಪಾರಿಗಳ ಅರ್ಜಿ ತುಂಬಿಕೊಡುತ್ತಿದ್ದೆವು. ಈ ಬರಹ ಅಲ್ಲಿಂದ ಹುಟ್ಟಿದ್ದು.

ಮೊದಲು ಕಾಲದ ಲೆಕ್ಕ. ದೇಶದಲ್ಲಿ ಕೊರೊನಾದ ಮೊದಲ ಸಾವು ನಮ್ಮ ಕಲಬುರಗಿಯವರದು. 76 ವರ್ಷದ ಹಿರಿಯರು 2020ರ ಮಾರ್ಚ್ 10ರಂದು ತೀರಿಕೊಂಡರು, ಸೋಂಕು ಖಚಿತವಾದದ್ದು ಮಾರ್ಚ್ 12ಕ್ಕೆ. ದೇಶಕ್ಕೆಲ್ಲ ಲಾಕ್‌ಡೌನ್ ಬಂದದ್ದು ಮಾರ್ಚ್ 25ಕ್ಕೆ. ಅಂದರೆ ಉಳಿದ ಊರುಗಳು ಕೈ ತೊಳೆಯುವುದನ್ನು ಟಿವಿಯಲ್ಲಿ ನೋಡುತ್ತಿದ್ದಾಗಲೇ ಇಲ್ಲಿ ಗಿರಾಕಿ ಮಾರುಕಟ್ಟೆಗೆ ಬರಲು ಹೆದರುತ್ತಿದ್ದ. "ಆ ಹದಿನೈದ ದಿನ ತಂದಿದ್ದು ತಂದಂಗ ಎಮ್ಮಿಗಿ ಹಾಕೇನಿ ತಮ್ಮಾ" ಎಂದು ಅಕ್ಕ ಹೇಳಿದ್ದು ನನ್ನ ಟಿಪ್ಪಣಿಯಲ್ಲಿದೆ. ಆಮೇಲೆ ಬಸ್ಸೂ ನಿಂತವು. ಹೊಲದಲ್ಲಿ ಪುಂಡಿ ಆಳೆತ್ತರ ಬೆಳೆದು ನಿಂತಿತು.

ರಾಜ್ಯ ಸರ್ಕಾರ 2020ರ ಮೇ ತಿಂಗಳಲ್ಲಿ ₹1,610 ಕೋಟಿಯ ಪ್ಯಾಕೇಜ್ ಘೋಷಿಸಿತು. ಕ್ಷೌರಿಕರಿಗೆ, ಅಗಸರಿಗೆ, ಆಟೊ-ಟ್ಯಾಕ್ಸಿ ಚಾಲಕರಿಗೆ ತಲಾ ₹5,000. ಸೊಪ್ಪು ಮಾರುವವರು ಆ ಸಾಲಿನಲ್ಲಿರಲಿಲ್ಲ. ಅವರ ಪಾಲಿಗೆ ಬಂದದ್ದು ಬೀದಿ ವ್ಯಾಪಾರಿಗಳಿಗೆಂದೇ ಮಾಡಿದ ಕೇಂದ್ರದ ಸಾಲ ಯೋಜನೆ ಪಿಎಂ ಸ್ವನಿಧಿ, 2020ರ ಜೂನ್ 1ರಂದು. ಜಾಮೀನಿಲ್ಲದೆ ₹10,000 ಸಾಲ, ಒಂದು ವರ್ಷದ ಕಂತು, ಸರಿಯಾಗಿ ಕಟ್ಟಿದವರಿಗೆ ವರ್ಷಕ್ಕೆ ಶೇ 7ರ ದರದಷ್ಟು ಬಡ್ಡಿ ಸರ್ಕಾರದಿಂದ ವಾಪಸ್. ಮಾರುಕಟ್ಟೆಯಲ್ಲಿ ಸುದ್ದಿ ಹಬ್ಬಿದ್ದು ಮಾತ್ರ "ಮೋದಿ ಹತ್ತು ಸಾವಿರ ಕೊಡ್ತಾನಂತ" ಎಂದು. ಅದು ಸಾಲ ಎಂದು ತಿಳಿದ ದಿನ ಅರ್ಧ ಜನ ಸಾಲಿನಿಂದ ಎದ್ದುಹೋದರು. ಅವರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. ಗಿರಾಕಿಯೇ ಇಲ್ಲದ ಕಾಲದಲ್ಲಿ ಬಂಡವಾಳದ ಸಾಲ ಯಾಕೆ ಬೇಕು?

ಅಕ್ಕನೂ ಮೊದಲು ಬೇಡವೆಂದಳು. ದೀಪಾವಳಿ ಹೊತ್ತಿಗೆ ಮನಸ್ಸು ಬದಲಾಯಿಸಿದ್ದು ಖಾಸಗಿ ಸಾಲದ ಕಾಟಕ್ಕೆ. ನಸುಕಿನಲ್ಲಿ ₹900 ಕೈಗಿಟ್ಟು, ತಟ್ಟು ಮಡಚುವ ಹೊತ್ತಿಗೆ ₹1,000 ಎಣಿಸಿಕೊಳ್ಳುವ ಲೇವಾದೇವಿ ಅದು. ನಾಲ್ಕೂವರೆ ತಾಸಿಗೆ ನೂರು ರೂಪಾಯಿ! ಬ್ಯಾಂಕಿನ ಸಾಲದಲ್ಲಿ ಬಡ್ಡಿ ಸಹಾಯಧನ ಅಂತ ಇಡೀ ವರ್ಷಕ್ಕೆ ಸಿಗುವುದು ₹400ರೊಳಗೆ. ಅದನ್ನೇ ದೊಡ್ಡದಾಗಿ ಜಾಹೀರಾತು ಮಾಡಿದರು. ಆದರೆ ಆಕೆಗೆ ನಿಜವಾಗಿ ಉಳಿಯುತ್ತಿದ್ದದ್ದು ದಿನದ ಈ ನೂರು.

ತೊಡಕು ಇಲ್ಲಿಂದ ಶುರು. ಸ್ವನಿಧಿಗೆ ವ್ಯಾಪಾರಿಗಳನ್ನು ನಾಲ್ಕು ವರ್ಗ ಮಾಡಿದ್ದರು. ಗುರುತಿನ ಚೀಟಿ ಇದ್ದವರು ಒಂದು, ಸಮೀಕ್ಷೆಯಲ್ಲಿ ಹೆಸರಿದ್ದೂ ಚೀಟಿ ಸಿಗದವರು ಎರಡು, ಸಮೀಕ್ಷೆಯಲ್ಲಿ ಬಿಟ್ಟುಹೋದವರು ಮೂರು. ನಗರದ ಹೊರಗಿನ ಹಳ್ಳಿಗಳಿಂದ ಬಂದು ನಗರದಲ್ಲಿ ಮಾರುವವರು ನಾಲ್ಕನೆಯವರು. ಕೊನೆಯ ಎರಡು ವರ್ಗಕ್ಕೆ ನಗರ ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರ ಬೇಕು. ನಿಯಮ ಉದಾರವಾಗಿಯೇ ಇತ್ತು. ಬಿಳಿ ಹಾಳೆಯ ಮೇಲೆ ಅರ್ಜಿ ಬರೆದುಕೊಟ್ಟರೂ ಸ್ಥಳ ವಿಚಾರಣೆ ಮಾಡಿ 15 ದಿನದಲ್ಲಿ ತೀರ್ಮಾನ ಹೇಳಬೇಕು, ಪತ್ರ ಸಿಕ್ಕವರಿಗೆ 30 ದಿನದಲ್ಲಿ ಗುರುತಿನ ಚೀಟಿ ಕೊಡಬೇಕು. ಆಗಿನ ನಿಯಮದಲ್ಲಿ 2020ರ ಮಾರ್ಚ್ 24ಕ್ಕೆ ಅಥವಾ ಅದಕ್ಕೂ ಮೊದಲು ವ್ಯಾಪಾರ ಮಾಡುತ್ತಿದ್ದರೆ ಸಾಕಿತ್ತು.

ಅಕ್ಕ ಸಮೀಕ್ಷೆಯಲ್ಲಿ ಯಾಕಿಲ್ಲ ಅಂದರೆ ಕಾರಣ ಸರಳ: ಎಣಿಸುವವರು ಬಂದದ್ದು ಹನ್ನೊಂದರ ಮೇಲೆ, ಆಕೆ ಎದ್ದುಹೋಗುವುದು ಹತ್ತೂವರೆಗೆ. ಆಕೆ ಕೂರುವ ಜಾಗದಲ್ಲಿ ಆ ಹೊತ್ತಿಗೆ ಇನ್ನೊಬ್ಬರ ಬಂಡಿ ಇರುತ್ತದೆ, ಪಟ್ಟಿಗೆ ಹೋದದ್ದು ಅವರ ಹೆಸರು. ಒಂದೇ ನೆಲದ ಮೇಲೆ ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು, ಸಂಜೆ ಮಿರ್ಚಿ-ಭಜಿಯವರು. ಇದು ನಮ್ಮ ಮಾರುಕಟ್ಟೆಯನ್ನು ನೋಡಿದ ಯಾರಿಗೂ ಗೊತ್ತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕೆನ್ನುತ್ತದೆ, ನಗರದ ಜನಸಂಖ್ಯೆಯ ಶೇ 2.5ರವರೆಗೆ ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬೇಕೆನ್ನುತ್ತದೆ. 2011ರ ಜನಗಣತಿಯ 5.33 ಲಕ್ಷಕ್ಕೆ ಹಚ್ಚಿ ನೋಡಿದರೆ ಕಲಬುರಗಿಗೆ 13 ಸಾವಿರ ಚಿಲ್ಲರೆ ಆಗುತ್ತದೆ. ಒಂದೇ ಜಾಗವನ್ನು ಹೊತ್ತು ಹಂಚಿಕೊಂಡು ಬಳಸುವವರ ಮಾತೂ ಕಾಯ್ದೆಯಲ್ಲಿದೆ, ಎಣಿಸಲು ಬಂದವರ ಗಡಿಯಾರದಲ್ಲಿ ಮಾತ್ರ ಇರಲಿಲ್ಲ.

ವ್ಯಾಪಾರ ಮಾಡಿದ್ದಕ್ಕೆ ದಾಖಲೆ ಏನಿದೆ ಎಂದು ಕೇಳಿದೆ. ದಿನಾ ಜಕಾತಿ, ಅಂದರೆ ಮಾರುಕಟ್ಟೆ ಸುಂಕ ಕೊಟ್ಟಿದ್ದಾಳೆ, ಚೀಟಿಯನ್ನೂ ಇಸಕೊಂಡಿದ್ದಾಳೆ. "ಆ ಚೀಟಿ ಎಲ್ಲಿವಕ್ಕಾ?"

"ಅವ್ನ ಏನ್ ಪೂಜಾ ಮಾಡ್ತಾರೇನೊ ತಮ್ಮಾ? ಕೊತಂಬ್ರಿ ಕಟ್ಟಿಕೊಟ್ಟೀನಿ."

ಕೊನೆಗೆ ಪಕ್ಕದಲ್ಲಿ ಕೂರುವ ಗುರುತಿನ ಚೀಟಿ ಇದ್ದ ಇಬ್ಬರು ವ್ಯಾಪಾರಿಗಳು ತಾವು ಬಲ್ಲೆವೆಂದು ಸಹಿ ಹಾಕಿಕೊಟ್ಟರು. ಅವರಲ್ಲಿ ಒಬ್ಬ ಬಾಳೆಹಣ್ಣಿನ ಚಾಚಾ. "ನಮ್ಮ ಬೋಣಿ ಆಗೂದೇ ಈ ಅಕ್ಕನ ಮಾರಿ ನೋಡಿದ ಮ್ಯಾಲ" ಎಂದು ಅರ್ಜಿಯಲ್ಲೇ ಬರೆಸಬೇಕೆಂದು ಹಟ ಹಿಡಿದಿದ್ದರು.

ಅರ್ಜಿ ಆನ್‌ಲೈನಿಗೆ ಏರಿಸುವಾಗ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರಬೇಕು. ಅಕ್ಕನ ಆಧಾರಿಗೆ ಇದ್ದದ್ದು ಮಗನ ನಂಬರು. ಮಗ ದುಡಿಯಲು ಪುಣೆಗೆ ಹೋಗಿದ್ದ, ಆ ಸಿಮ್ ಬಿಟ್ಟು ವರ್ಷವಾಗಿತ್ತು. ಹೊಸ ನಂಬರು ಜೋಡಿಸಲು ಶುಲ್ಕ ಆಗ ಬರೀ ₹50 ಇತ್ತು. ಅದಕ್ಕಾಗಿ ಎರಡು ದಿನದ ವ್ಯಾಪಾರ ಬಿಟ್ಟು ಸಾಲಿನಲ್ಲಿ ನಿಂತದ್ದು, ಮೊದಲ ಸಲ ಬೆರಳಚ್ಚು ಹತ್ತದೆ ವಾಪಸ್ ಬಂದದ್ದು ಬೇರೆ. ಇಪ್ಪತ್ತು ವರ್ಷ ಪುಂಡಿ ಸೂಡು ಕಟ್ಟಿದ ಬೆರಳಿಗೆ ಗೆರೆ ಉಳಿದಿರಲಿಲ್ಲ. ಆಮೇಲೆ ಬ್ಯಾಂಕು. ನಗರದ ಒಂದು ಶಾಖೆಯವರು "ನಿಮ್ಮ ಖಾತೆ ಹಳ್ಳಿ ಶಾಖೆಯಾಗದ, ಅಲ್ಲೇ ಕೇಳ್ರಿ" ಎಂದರು. ಹಳ್ಳಿ ಕಡೆಯ ಶಾಖೆಯವರು "ವ್ಯಾಪಾರ ಸಿಟಿಯಾಗಂತೀರಿ, ಇಲ್ಲಿ ಹ್ಯಾಂಗ ಬರ್ತದ?" ಎಂದರು. ಇಬ್ಬರೂ ದುಷ್ಟರಲ್ಲ. ಇಬ್ಬರ ಫಾರಂನಲ್ಲೂ ಅಕ್ಕನಂಥವರಿಗೆ ಖಾನೆ ಇರಲಿಲ್ಲ, ಅಷ್ಟೇ.

ಈ ಓಡಾಟ ಮುಗಿಯುವಷ್ಟರಲ್ಲಿ ಎರಡನೆಯ ಅಲೆ ಬಂತು. 2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಮತ್ತೆ ಬಂದ್. ದಿನಸಿ, ತರಕಾರಿಗೆ ಬೆಳಿಗ್ಗೆ 6ರಿಂದ 10ರವರೆಗೆ ಬಿಡುವು. ಈ ಸಲ ಸರ್ಕಾರದ ಗಡಿಯಾರವೂ ಅಕ್ಕನ ಗಡಿಯಾರವೂ ತಾಳೆಯಾದವು! ಆದರೆ ಬಸ್ಸಿಲ್ಲ. ನಾಲ್ಕು ಹೆಂಗಸರು ಕೂಡಿ ಗೂಡ್ಸ್ ಆಟೊ ಗೊತ್ತುಮಾಡಿಕೊಂಡು ಬಂದರು, ಬಾಡಿಗೆಯಲ್ಲೇ ಲಾಭ ಹೋಯಿತು. ಮೇ 19ರಂದು ಮುಖ್ಯಮಂತ್ರಿ ಯಡಿಯೂರಪ್ಪ ₹1,250 ಕೋಟಿಯ ಪ್ಯಾಕೇಜ್ ಘೋಷಿಸಿದರು. ಅದರಲ್ಲಿ ರಸ್ತೆಬದಿ ವ್ಯಾಪಾರಿಗಳಿಗೆ ತಲಾ ₹2,000. ಯಾವ ವ್ಯಾಪಾರಿಗಳಿಗೆ? ಆತ್ಮನಿರ್ಭರ ನಿಧಿ, ಅಂದರೆ ಸ್ವನಿಧಿಯಲ್ಲಿ ನೋಂದಾಯಿಸಿಕೊಂಡವರಿಗೆ.

ಈ ಪ್ರಕರಣದ ಗಂಟು ಇಲ್ಲಿದೆ. ಸಾಲಕ್ಕಾಗಿ ಮಾಡಿದ ಪಟ್ಟಿ ಒಂದು ವರ್ಷದ ಮೇಲೆ ಪರಿಹಾರದ ಪಟ್ಟಿಯಾಯಿತು. ಸಾಲ ಬೇಡವೆಂದು ಎದ್ದುಹೋದವರು, ಒಟಿಪಿ ಬಾರದೆ ನಿಂತವರು, ಹೊರಗಿನ ಹಳ್ಳಿಯವರು ತಮಗೆ ಗೊತ್ತಿಲ್ಲದೆಯೇ ಪರಿಹಾರವನ್ನೂ ಬಿಟ್ಟುಕೊಟ್ಟಿದ್ದರು. ಸಿದ್ಧ ಪಟ್ಟಿ ಇದ್ದಲ್ಲಿ ಅದನ್ನೇ ಬಳಸುವುದು ಆಡಳಿತಕ್ಕೆ ಸಹಜ. ಹೊಸ ಅರ್ಜಿ ಕರೆಯುವುದಕ್ಕಿಂತ ಬೇಗ, ಮಧ್ಯದವರ ಕೈಗೂ ಸಿಗುವುದಿಲ್ಲ. ಆ ವೇಗವನ್ನು ನಾನು ಮೆಚ್ಚುತ್ತೇನೆ. ಆದರೆ ಸಾಲ ಕೇಳುವವರೇ ಬೇರೆ, ಸಂಕಟದಲ್ಲಿರುವವರೇ ಬೇರೆ. ಬಾಳೆಹಣ್ಣಿನ ಚಾಚಾನ ಖಾತೆಗೆ ₹2,000 ಬಂತು, ಅಕ್ಕನ ಖಾತೆಗೆ ಬರಲಿಲ್ಲ. ಚಾಚಾ ಅದರಲ್ಲಿ ಐದುನೂರು ಆಕೆಗೆ ಕೊಡಲು ಹೋದರಂತೆ. ಆಕೆ ತೆಗೆದುಕೊಳ್ಳಲಿಲ್ಲ.

ಇಷ್ಟರಲ್ಲಿ ಪಾಲಿಕೆ ಎಲ್ಲಿ ಬಂತು ಎಂದು ಕೇಳಬಹುದು. ಸಾಲ ಬ್ಯಾಂಕಿನದು, ಬಡ್ಡಿ ಸಹಾಯ ಕೇಂದ್ರದ್ದು, ₹2,000 ರಾಜ್ಯದ್ದು. ಪಾಲಿಕೆಯ ಪಾಲಿಗೆ ಇದ್ದದ್ದು ಪಟ್ಟಿ ಮತ್ತು ಒಂದು ಪುಟದ ಶಿಫಾರಸು ಪತ್ರ. ಅದಕ್ಕೆ ಬಜೆಟ್ಟಿನಲ್ಲಿ ಖರ್ಚೇ ಇಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೂ ಹಣದ ನಲ್ಲಿ ತಿರುಗುತ್ತಿದ್ದದ್ದು ಅಲ್ಲೇ.

ಪಾಲಿಕೆಯ ಸ್ವಂತ ಕೈಯಲ್ಲಿ ಇದ್ದ ಹಣದ ಕಥೆ ಬೇರೆ. 'ಕೊರೊನಾ ಚೇತರಿಕೆ ನಿಧಿ' ಎಂಬ ಒಂದು ಗಂಟು ನಮ್ಮ ನಗರಗಳಿಗೆ ಬರಲೇ ಇಲ್ಲ. ಚೇತರಿಕೆಯ ವರ್ಷಗಳಲ್ಲಿ ಬಂದ ದೊಡ್ಡ ಹಣವೆಂದರೆ 15ನೇ ಹಣಕಾಸು ಆಯೋಗದ, ಅಂದರೆ ಕೇಂದ್ರದ ತೆರಿಗೆ ಹಣ ಹಂಚುವ ಲೆಕ್ಕ ಹೇಳುವ ಆಯೋಗದ ಅನುದಾನ. 2021ರಿಂದ 2026ರವರೆಗೆ ದೇಶದ ನಗರ ಸ್ಥಳೀಯ ಸಂಸ್ಥೆಗಳಿಗೆ ₹1,21,055 ಕೋಟಿ. ಕಲಬುರಗಿ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಗುಂಪಿಗೆ ಸೇರುತ್ತದೆ. ಆ ಗುಂಪಿಗೆ ಬಂದ ಹಣದಲ್ಲಿ ಶೇ 60 ಮೊದಲೇ ಕಟ್ಟಿಹಾಕಿದ್ದು: ಅರ್ಧ ಕುಡಿಯುವ ನೀರಿಗೆ, ಅರ್ಧ ಕಸ ಮತ್ತು ನೈರ್ಮಲ್ಯಕ್ಕೆ. ಉಳಿದ ಶೇ 40 ಸ್ಥಳೀಯ ಅಗತ್ಯಕ್ಕೆ, ಆದರೆ ಸಂಬಳಕ್ಕೆ ಬಳಸುವಂತಿರಲಿಲ್ಲ. ಸಮುದಾಯ ಕಾರ್ಯಕ್ರಮ ಎಂದರೆ ಬಹುಪಾಲು ಮನುಷ್ಯರ ಕೆಲಸ. ಅರ್ಜಿ ತುಂಬುವವರು, ಮನೆಮನೆಗೆ ಹೋಗುವವರು, ಬ್ಯಾಂಕಿಗೆ ಜೊತೆಗೆ ಬರುವವರು ಬೇಕು. ಸಂಬಳ ಕೂಡದೆಂದರೆ ಹಣ ತಾನಾಗಿ ಚರಂಡಿ, ರಸ್ತೆ, ಬೀದಿದೀಪದ ಕಡೆ ಹರಿಯುತ್ತದೆ. ನೀರು-ಕಸಕ್ಕೆ ಹಾಕಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ನಲ್ಲಿಗೆ ಕಾದವರಾರೂ ಹೇಳಲಾರರು.

ಆಯೋಗ ಆರೋಗ್ಯಕ್ಕೆಂದು ಬೇರೆಯೇ ₹70,051 ಕೋಟಿ ಇಟ್ಟಿತು, ಸ್ಥಳೀಯ ಸಂಸ್ಥೆಗಳ ಹೆಸರಿನಲ್ಲೇ. ಇದು ಕೊರೊನಾದ ಪಾಠದಿಂದ ಬಂದ ಹಣ ಎನ್ನಬಹುದು. ನಗರಗಳ ಪಾಲು ₹26,123 ಕೋಟಿ. ಕರ್ನಾಟಕದಲ್ಲಿ ಅದರ ಮುಖ 'ನಮ್ಮ ಕ್ಲಿನಿಕ್'. ರಾಜ್ಯಕ್ಕೆ 438 ಕ್ಲಿನಿಕ್‌ಗಳ ಯೋಜನೆ, 2022ರ ಡಿಸೆಂಬರ್ 14ರಂದು ಹುಬ್ಬಳ್ಳಿಯಲ್ಲಿ ಮೊದಲ 114ಕ್ಕೆ ಚಾಲನೆ. ಒಬ್ಬ ವೈದ್ಯ, ಒಬ್ಬ ನರ್ಸ್, ಒಬ್ಬ ಲ್ಯಾಬ್ ತಂತ್ರಜ್ಞ, ಒಬ್ಬ ಸಹಾಯಕ. ಬೆಳಿಗ್ಗೆ 9ರಿಂದ ಸಂಜೆ 4.30. ದೊಡ್ಡ ಆಸ್ಪತ್ರೆಯ ಸಾಲಿನಲ್ಲಿ ಅರ್ಧ ದಿನ ಕಳೆಯುವವರಿಗೆ ಇದು ನಿಜವಾದ ಉಪಕಾರ. ಅಕ್ಕನಂಥವರಿಗೂ ಹತ್ತೂವರೆಯ ಮೇಲೆ ಹೋಗಲು ಅಡ್ಡಿಯಿಲ್ಲ, ಬಸ್ಸು ಒಂದು ತಪ್ಪುತ್ತದೆ ಅಷ್ಟೇ. ನಾನು ತಟ್ಟಿದ ಬಾಗಿಲುಗಳಲ್ಲಿ ವಿಳಾಸ ಕೇಳದೆ ತೆರೆದದ್ದು ಇದೊಂದೇ: ಆಕೆಯ ರಕ್ತದೊತ್ತಡ ಗೊತ್ತಾದದ್ದು ಅಲ್ಲೇ.

ಮೂರನೆಯದು ಪಾಲಿಕೆಯ ಬಡವರ ಮೀಸಲು. ಕರ್ನಾಟಕದ ನಗರ ಸಂಸ್ಥೆಗಳು ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ತೆಗೆದಿಡಬೇಕು. ಹೊಲಿಗೆ ಯಂತ್ರ, ವಿದ್ಯಾರ್ಥಿಗಳಿಗೆ ನೆರವು, ತ್ರಿಚಕ್ರ ವಾಹನ ಎಲ್ಲ ಬರುವುದು ಇಲ್ಲಿಂದ. ನಮ್ಮಲ್ಲಿ ನಿಜವಾದ 'ಸಮುದಾಯ ಕಾರ್ಯಕ್ರಮದ ನಿಧಿ' ಎಂದರೆ ಇದೇ. ಲೆಕ್ಕ ಹೇಳುವವನಿಗೆ ಇದರಲ್ಲಿ ಒಂದು ದೋಷ ತಟ್ಟನೆ ಕಾಣುತ್ತದೆ. ಪಾಲಿಕೆಯ ಸ್ವಂತ ವರಮಾನದ ಮಟ್ಟಿಗೆ ಇದು ಶೇಕಡಾವಾರು ಹಣ. ಕೊರೊನಾ ವರ್ಷದಲ್ಲಿ ಆಸ್ತಿ ತೆರಿಗೆ ಕಟ್ಟುವ ಗಡುವನ್ನು, ಶೇ 5ರ ರಿಯಾಯಿತಿಯ ಗಡುವನ್ನು ಮುಂದೂಡಿದರು. ಅಂಗಡಿ ಬಾಡಿಗೆ, ಜಕಾತಿ ನಿಂತವು. ವರಮಾನ ಇಳಿದರೆ ಅದರ ಶೇ 7.25 ಕೂಡ ಇಳಿಯುತ್ತದೆ. ಬಡವರಿಗೆ ಹೆಚ್ಚು ಬೇಕಾದ ವರ್ಷವೇ ಬಡವರ ಪಾಲು ಸಣ್ಣದಾಗುವ ಏರ್ಪಾಡು ಇದು. ಅಕ್ಕನ ಮಟ್ಟಿಗೆ ಈ ಬಾಗಿಲು ಪೂರಾ ಮುಚ್ಚಿದ್ದು, ಯಾಕೆಂದರೆ ನಗರದ ನಿವಾಸಿಯಾಗಿರಬೇಕು.

ಇದನ್ನು ಕೇಳುವವರು ಯಾರು? ಕಲಬುರಗಿ ಮಹಾನಗರ ಪಾಲಿಕೆಗೆ 55 ವಾರ್ಡು. ಕೊರೊನಾ ಬಂದಾಗ ಚುನಾಯಿತ ಸಭೆ ಇರಲಿಲ್ಲ, ಆಡಳಿತಾಧಿಕಾರಿಯ ಕಾಲ. 2021ರ ಸೆಪ್ಟೆಂಬರ್ 3ರಂದು ಚುನಾವಣೆ ಆಯಿತು: ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ 1. ಯಾರಿಗೂ ಬಹುಮತವಿಲ್ಲ. ಮೇಯರ್ ಆಯ್ಕೆ ಮುಂದಕ್ಕೆ ಹೋಗುತ್ತಾ ಹೋಗುತ್ತಾ 2023ರ ಮಾರ್ಚ್‌ಗೆ ಬಂತು. ಒಂದೂವರೆ ವರ್ಷ ಗೆದ್ದವರಿದ್ದರು, ಸಭೆಯಿರಲಿಲ್ಲ. ಚೇತರಿಕೆಯ ಹಣ ಎಲ್ಲಿಗೆ ಹೋಗಬೇಕು ಎಂದು ವಾದ ಮಾಡಬೇಕಾದ ವರ್ಷಗಳು ಇವೇ. ಕ್ರಿಯಾಯೋಜನೆ ಅಧಿಕಾರಿಗಳ ಮಟ್ಟದಲ್ಲಿ ತಯಾರಾದರೆ ರಸ್ತೆ-ಚರಂಡಿಗೆ ಅಂದಾಜುಪಟ್ಟಿ ಸಿದ್ಧವಿರುತ್ತದೆ. 'ಬೆಳಿಗ್ಗೆ ಏಳಕ್ಕೆ ಮಾರುಕಟ್ಟೆಗೆ ಹೋಗಿ ಬಿಟ್ಟುಹೋದವರನ್ನು ಎಣಿಸಿ' ಎಂಬ ಕೆಲಸಕ್ಕೆ ಅಂದಾಜುಪಟ್ಟಿ ಇರುವುದಿಲ್ಲ. ಚುನಾಯಿತ ಸಭೆ ಇದ್ದಿದ್ದರೆ ಎಲ್ಲ ಸರಿಯಾಗುತ್ತಿತ್ತು ಎಂದೂ ನಾನು ನಂಬುವುದಿಲ್ಲ. ಅಕ್ಕನಿಗೆ ನಗರದಲ್ಲಿ ಓಟಿಲ್ಲ, ಆಕೆಯ ಮಾತು ಎತ್ತಿದ ಸದಸ್ಯನಿಗೆ ಅದರಿಂದ ಲಾಭವೂ ಇಲ್ಲ. ಆಕೆಯ ಗ್ರಾಮ ಪಂಚಾಯಿತಿ ಬಳಿಯೂ ಹಣಕಾಸು ಆಯೋಗದ ಹಣ ಇತ್ತು, ಆದರೆ ಆಕೆಯ ಕಷ್ಟ ಅವರ ಮಾರುಕಟ್ಟೆಯಲ್ಲಿ ಹುಟ್ಟಿದ್ದಲ್ಲ.

ಅಮೆರಿಕದ ನಗರಗಳ ಲೆಕ್ಕ ಓದಿದಾಗ ಹೊಟ್ಟೆಕಿಚ್ಚಾದದ್ದು ನಿಜ. 2021ರ ಮಾರ್ಚ್ 11ರಂದು ಸಹಿಯಾದ ಕೊರೊನಾ ಪರಿಹಾರ ಕಾಯ್ದೆಯಡಿ ಅಲ್ಲಿನ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೆ 350 ಶತಕೋಟಿ ಡಾಲರ್ ಹೋಯಿತು. 2024ರ ಕೊನೆಯೊಳಗೆ ಯಾವುದಕ್ಕೆಂದು ಗೊತ್ತುಪಡಿಸಬೇಕಿತ್ತು, ಖರ್ಚು ಮಾಡಲು 2026ರ ಕೊನೆಯ ಗಡುವು. ಸಂಬಳ ಕೊಡಬಹುದಿತ್ತು, ವರಮಾನದ ನಷ್ಟ ತುಂಬಿಕೊಳ್ಳಬಹುದಿತ್ತು. ಮೊತ್ತಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ನಿಯಮ. ಬಡತನ ಹೆಚ್ಚಿರುವ ಜನಗಣತಿ ಪ್ರದೇಶಗಳನ್ನು ಗುರುತಿಸಿ, ಅಲ್ಲಿನವರಿಗೆಲ್ಲ ಪೆಟ್ಟು ಬಿದ್ದಿದೆ ಎಂದು ಮೊದಲೇ ಒಪ್ಪಿಕೊಂಡು ಕಾರ್ಯಕ್ರಮ ಮಾಡಬಹುದು, ಒಬ್ಬೊಬ್ಬರೂ ಕಷ್ಟವನ್ನು ರುಜುವಾತು ಮಾಡಬೇಕಿಲ್ಲ. ನಮ್ಮಲ್ಲಿ ಪ್ರತಿಯೊಬ್ಬರೂ ಬೆರಳಚ್ಚಿನೊಂದಿಗೆ ರುಜುವಾತು ಮಾಡಬೇಕು. ಆದರೆ ಅಲ್ಲಿಯೂ ಮನೆಮಂದಿಯ ಮಟ್ಟಿಗೆ ಆ ರಿಯಾಯಿತಿ ನಿಂತಿದ್ದದ್ದು ವಾಸದ ವಿಳಾಸದ ಮೇಲೆಯೇ. ಹೊರಗಿನಿಂದ ಬಂದು ದುಡಿದು ಸಂಜೆ ಹಿಂತಿರುಗುವವರ ಪಾಡು ಅಲ್ಲೇನೋ, ಅಕ್ಕನನ್ನು ನೋಡಿದ ಮೇಲೆ ಆ ಪ್ರಶ್ನೆ ಬಿಡಲಿಲ್ಲ.

ಆಕೆಯ ಶಿಫಾರಸು ಪತ್ರ 2021ರ ಶ್ರಾವಣದಲ್ಲಿ ಕೈಗೆ ಬಂತು. ಪರಿಹಾರ ಹಂಚಿ ಮುಗಿದಿತ್ತು. ಸಾಲ ದಸರೆಗೆ. ₹10,000ದಲ್ಲಿ ಮೂರು ಸಾವಿರ ನಸುಕಿನ ಸಾಹುಕಾರನ ಲೆಕ್ಕ ಚುಕ್ತಾ ಮಾಡಲು ಹೋಯಿತು, ಒಂದು ದೊಡ್ಡ ಛತ್ರಿ ಬಂತು, ಉಳಿದದ್ದು ಅಕ್ಕಪಕ್ಕದ ಹೊಲದವರಿಗೆ ಮುಂಗಡ. ಕಂತು ತಿಂಗಳಿಗೆ ₹900ರ ಆಸುಪಾಸು. ಮುಂಗಡ ಕೊಟ್ಟವಳಿಗೆ ಮೆಂತ್ಯೆ ಅಗ್ಗವಾಗಿ ಸಿಕ್ಕಿತು, ಅದರಲ್ಲೇ ಕಂತು ಹೊರಟಿತು.

ಕ್ಯೂಆರ್ ಕೋಡೂ ಬಂತು. ಡಿಜಿಟಲ್ ವ್ಯವಹಾರ ಮಾಡಿದರೆ ಆಗ ತಿಂಗಳಿಗೆ ₹100ರವರೆಗೆ, ವರ್ಷಕ್ಕೆ ₹1,200ರವರೆಗೆ ಕ್ಯಾಶ್‌ಬ್ಯಾಕ್ ಇತ್ತು. ಗಿರಾಕಿಗಳೆಲ್ಲ ಫೋನಿನಲ್ಲೇ ಹಣ ಹಾಕತೊಡಗಿದರು, ಆದರೆ ಕ್ಯಾಶ್‌ಬ್ಯಾಕ್ ಬರಲಿಲ್ಲ. ನಾನು ನಿಯಮ ತೆಗೆದು ಓದಿದೆ: ಕನಿಷ್ಠ ₹25ರ ವ್ಯವಹಾರವಾದರೆ ಮಾತ್ರ ಲೆಕ್ಕಕ್ಕೆ. ಅಕ್ಕನ ಸೂಡಿಗೆ ಹತ್ತು ರೂಪಾಯಿ. ಎರಡು ಸೂಡು ಒಯ್ದವರೂ ಇಪ್ಪತ್ತೇ. ನಿಯಮ ಬರೆದವರು ಸೇಬು ಮಾರುವವರನ್ನು ನೆನೆಸಿಕೊಂಡಿದ್ದರೇನೋ. ಅಕ್ಕ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. "ಮೂರು ಸೂಡು ಮೂವತ್ತಿಲ್ಲ, ಇಪ್ಪತ್ತಾರು" ಎಂದು ಕೂಗಲು ಶುರು ಮಾಡಿದಳು. ಆ ವಾರ ತಟ್ಟು ಮಡಚುವ ಹೊತ್ತಿಗೆ ಮಾಲು ಉಳಿಯಲಿಲ್ಲ.

ಹದಿನಾಲ್ಕು ತಿಂಗಳಿಗೆ ಸಾಲ ತೀರಿತು, ಎರಡು ಕಂತು ತಡ. ₹20,000ದ ಎರಡನೆಯ ಸಾಲಕ್ಕೆ ಅರ್ಹಳು ಎಂದು ಬ್ಯಾಂಕಿನಿಂದ ಫೋನು ಬಂದಾಗ ಬೇಡವೆಂದಳು. ಆರು ತಿಂಗಳು ಬಿಟ್ಟು ತಾನೇ ಹೋಗಿ ಕೇಳಿದಳು. ಗುರುತಿನ ಚೀಟಿಯನ್ನು ಈಗ ಕುಪ್ಪಸದ ಬಟವೆಯಲ್ಲೇ ಇಟ್ಟುಕೊಳ್ಳುತ್ತಾಳೆ. ಜಾಗ ಬಿಡಿ ಎಂದು ಯಾರಾದರೂ ಬಂದರೆ ಮೊದಲು ಹೊರಬರುವುದು ಅದೇ. ಸಾಲಕ್ಕಿಂತ ಚೀಟಿಯ ಬೆಲೆ ಆಕೆಗೆ ಹೆಚ್ಚು.

2025ರ ಆಗಸ್ಟಿನಲ್ಲಿ ಕೇಂದ್ರ ಸ್ವನಿಧಿಯನ್ನು 2030ರ ಮಾರ್ಚ್‌ವರೆಗೆ ಮುಂದುವರಿಸಿ, ಮೊದಲ ಸಾಲವನ್ನು ₹15,000ಕ್ಕೆ, ಎರಡನೆಯದನ್ನು ₹25,000ಕ್ಕೆ ಏರಿಸಿತು. ನಗರದಂಚಿನ ಪ್ರದೇಶಗಳಿಗೂ ಹಂತಹಂತವಾಗಿ ಹಬ್ಬಿಸುವ ಮಾತಿದೆ. ಈ ಸುದ್ದಿ ಹೇಳಲು ಹೋದ ದಿನ ಅಕ್ಕನ ಪಕ್ಕದಲ್ಲಿ ಇನ್ನೊಂದು ತಟ್ಟು ಹಾಸಿತ್ತು. ಆಕೆಯ ನೆಗೆಣ್ಣಿ, ಅದೇ ಊರಿನವಳು, ಒಂದು ವರ್ಷದಿಂದ ಬರುತ್ತಿದ್ದಾಳಂತೆ. ನಾನು ಇನ್ನೂ ಚೀಲದಿಂದ ಫಾರಂ ತೆಗೆಯುತ್ತಿದ್ದೆ, ಅಕ್ಕ ಸೂಡು ಕಟ್ಟುತ್ತಲೇ ಆಕೆಯ ಕಡೆ ತಿರುಗಿ ಕೇಳಿದಳು:

"ಮೊದ್ಲ ಇದು ಹೇಳು, ನಿನ್ನ ಆಧಾರಿಗಿ ಯಾರ ನಂಬರ್ ಅದ? ಜಕಾತಿ ಚೀಟಿ ಎಲ್ಲಿಟ್ಟಿ?"